ಕರಡಿಸೀಳಿನಲ್ಲಿ ಡ್ರೈವರ್ ಕೆಂಪರಾಜ

ದೊಡ್ಡಬಳ್ಳಾಪುರದ ಮಗ್ಗದ ಬೀದಿಯ ಹೆಂಗಸರು ಎಲ್ಲಿಗಾದರೂ ಹೊರಡಬೇಕೆಂದರೆ ಮೊದಲು ಪಂಚಾಂಗ ನೋಡುವುದಿಲ್ಲ, ಕೆಂಪರಾಜ ಬಿಡುವಾಗಿದ್ದಾನೋ ಇಲ್ಲವೋ ನೋಡುತ್ತಾರೆ. ಅವನ ಟೆಂಪೋ ಟ್ರಾವೆಲರ್ ಸಿಗದಿದ್ದರೆ ಧರ್ಮಸ್ಥಳವೂ ಮುಂದಕ್ಕೆ ಹೋಗುತ್ತದೆ, ತಿರುಪತಿಯೂ ಮುಂದಕ್ಕೆ ಹೋಗುತ್ತದೆ. ಬೇರೆ ಗಾಡಿ ನೋಡೋಣ ಎಂದು ಯಾವ ಗಂಡಸಾದರೂ ಬಾಯಿ ತೆಗೆದರೆ ವರಲಕ್ಷ್ಮಮ್ಮ ಅಲ್ಲಿಗೇ ತಡೆಯುತ್ತಾರೆ. "ಬ್ಯಾರೆ ಡ್ರೈವರ್ ಹಿಂದೆ ಕೂತ್ರೆ ನಂಗೆ ಜೀವ ಅಂಗೈಲಿರ್ತದೆ. ನಮ್ ಕೆಂಪರಾಜು ಆದ್ರೆ ಕಣ್ಮುಚ್ಕೊಂಡು ನಿದ್ದೆ ಮಾಡ್ಬೋದು" ಎನ್ನುತ್ತಾರೆ. ನಾಲ್ಕು ಮಗ್ಗಗಳ ಮನೆಯ ಯಜಮಾನಿ, ಹೆಂಗಸರ ಸಂಘಕ್ಕೆ ಮುಖ್ಯಸ್ಥೆ. ಅವರ ಮಾತಿಗೆ ಎದುರಾಡುವ ಗಂಡಸು ಆ ಬೀದಿಯಲ್ಲಿ ಇನ್ನೂ ಹುಟ್ಟಿಲ್ಲ.

ಕೆಂಪರಾಜ ಕುಂದಾಣದ ಕಡೆಯ ಒಕ್ಕಲು ಮನೆಯವನು. ಅಣ್ಣಂದಿರಿಗೆ ಹೊಲದ ಮೇಲೆ ಆಸೆ, ಇವನಿಗೆ ಚಿಕ್ಕಂದಿನಿಂದಲೂ ಗಾಲಿಯ ಹುಚ್ಚು. ದ್ರಾಕ್ಷಿ ಸಾಗಿಸುವ ಲಾರಿಯಲ್ಲಿ ಕ್ಲೀನರ್ ಆಗಿ ಸೇರಿಕೊಂಡು, ಡ್ರೈವರ್ ನಿದ್ದೆ ಹೋದಾಗ ಸ್ಟೇರಿಂಗ್ ಮುಟ್ಟಿ ಮುಟ್ಟಿಯೇ ಓಡಿಸಲು ಕಲಿತ. ಈಗ ಐವತ್ತು ದಾಟಿದೆ. ಆಸ್ತಿಪಾಸ್ತಿಯ ಮಾತು ಬಂದರೆ ಸುಮ್ಮನಿರುತ್ತಾನೆ. ಆದರೆ ಡ್ರೈವಿಂಗ್ ಮಾತು ಬಂದರೆ ಅವನ ಬಾಯಿ ಹಿಡಿಯುವವರಿಲ್ಲ. ಇಷ್ಟು ವರ್ಷದಲ್ಲಿ ಒಂದು ಕೋಳಿಯ ಮೇಲೂ ತನ್ನ ಗಾಲಿ ಹತ್ತಿಲ್ಲ ಎನ್ನುವುದು ಅವನ ಜಂಬ. ಅಷ್ಟು ಜಂಬ ಅವನಿಗೆ ಸಲ್ಲುತ್ತದೆ ಎಂದು ಬೀದಿಯವರೆಲ್ಲ ಒಪ್ಪಿಕೊಂಡಿದ್ದರು.

ಈಚೆಗೆ ಎರಡು ವರ್ಷದಿಂದ ಮಾತ್ರ ಅವನಿಗೆ ಗಾಡಿಯ ಮೇಲೆ ಸಿಟ್ಟು. ಮುಂದಿನ ಗಾಜು ಮಬ್ಬಾಗಿದೆ ಎಂದು ಹೊಸ ಗಾಜು ಹಾಕಿಸಿದ. ಅದೂ ಮಬ್ಬೇ. ಕಳಪೆ ಗಾಜು ತಲೆಗೆ ಕಟ್ಟಿದ್ದೀಯ ಎಂದು ಮೆಕ್ಯಾನಿಕ್ ಸುನಿಲ್‌ಕುಮಾರನೊಂದಿಗೆ ಜಗಳವಾಡಿ ಮಾತು ಬಿಟ್ಟ. ಹೆಡ್‌ಲೈಟ್ ಬದಲಾಯಿಸಿದ, ವೈಪರ್ ಬದಲಾಯಿಸಿದ. ಬಸ್ಸಿನ ಬೋರ್ಡುಗಳಲ್ಲಿ ಅಕ್ಷರ ಸಣ್ಣದಾಗಿ ಬರೆಯುತ್ತಿದ್ದಾರೆ ಎಂದು ಸರ್ಕಾರವನ್ನು ಬೈದ. ಮನೆಯಲ್ಲಿ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂರುತ್ತಿದ್ದ. ಹೆಂಡತಿ ಕೇಳಿದರೆ ಫ್ಯಾನಿನ ಗಾಳಿ ಅಲ್ಲೇ ಚೆನ್ನಾಗಿ ಬರುತ್ತದೆ ಎನ್ನುತ್ತಿದ್ದ. ಅವನಿಗೆ ದಾರಿಯ ಪ್ರತಿ ಹಂಪು, ಪ್ರತಿ ತಿರುವು ಬಾಯಿಪಾಠ. ಕಾಣದಿದ್ದರೂ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಹಾಗಾಗಿ ತಪ್ಪು ತನ್ನ ಕಣ್ಣಿನದು ಎಂಬ ಯೋಚನೆ ಆ ತಲೆಗೆ ಹೊಳೆಯಲೇ ಇಲ್ಲ.

ಈ ಸಲ ಸಂಘದ ಪ್ರವಾಸ ದೇವಸ್ಥಾನಕ್ಕಲ್ಲ ಎಂದು ಹಟ ಹಿಡಿದವಳು ವರಲಕ್ಷ್ಮಮ್ಮನ ಸೊಸೆ ವಾಣಿ. ಘಾಟಿಯ ಆಚೆಯ ಬೆಟ್ಟಸಾಲಿನಲ್ಲಿ ಕರಡಿಸೀಳು ಎಂಬ ಜಾಗವಿದೆ. ಎರಡು ಕಲ್ಲುಬೆಟ್ಟಗಳ ನಡುವೆ ಕೊಡಲಿ ಏಟು ಬಿದ್ದಂಥ ಕಮರಿ. ಅಲ್ಲಿ ಬೈರೇಶ್ ಎಂಬವನು ಜನರನ್ನು ಗುಂಪಾಗಿ ಕರೆದುಕೊಂಡು ಹೋಗಿ ಕಾಡುಪ್ರಾಣಿ ತೋರಿಸುತ್ತಾನೆ ಎಂದು ವಾಣಿ ಮೊಬೈಲಿನಲ್ಲಿ ನೋಡಿದ್ದಳು. "ಕರಡಿ ನೋಡೋಕ್ಕೆ ಅಷ್ಟು ದೂರ ಹೋಗ್ಬೇಕೇನೇ? ನಿಮ್ ಮಾವ ಎದ್ದ ತಕ್ಷಣ ಒಂದ್ಸಲ ನೋಡು" ಎಂದು ವರಲಕ್ಷ್ಮಮ್ಮ ನಗಿಸಿದರಾದರೂ ಕೊನೆಗೆ ಒಪ್ಪಿದರು. ಒಪ್ಪಿದ ಮೇಲೆ ಯಾತ್ರೆಗೆ ಹೊರಟಂತೆಯೇ ಹೊರಟರು. ಗಾಡಿಗೆ ಪೂಜೆ ಆಯಿತು, ಗಾಲಿಗೆ ನಿಂಬೆಹಣ್ಣು ಆಯಿತು, ಪುಳಿಯೋಗರೆಯ ಡಬ್ಬಿ ಆಯಿತು. ಒಬ್ಬರಂತೂ ತೆಂಗಿನಕಾಯಿಯನ್ನೂ ತಂದಿದ್ದರು. ಯಾರಿಗೆ ಒಡೆಯುವುದು ಎಂದು ವಾಣಿ ಕೇಳಿದರೆ, ಅಲ್ಲಿ ಹೋದ ಮೇಲೆ ಯಾರಾದರೂ ಸಿಗುತ್ತಾರೆ ಎಂದರು.

ಮಧ್ಯಾಹ್ನದ ಊಟ ಮುಗಿಸಿ ಹೊರಟು, ಹೆದ್ದಾರಿ ಬಿಟ್ಟು ಹಳ್ಳಿಯ ರಸ್ತೆಗೆ ಇಳಿದಿದ್ದರು. ಕೆಂಪರಾಜನಿಗೆ ಅಷ್ಟಾಗಿ ಪರಿಚಯವಿಲ್ಲದ ದಾರಿ. ಮುಂದಿನ ಸೀಟಿನಲ್ಲಿದ್ದ ವರಲಕ್ಷ್ಮಮ್ಮ ಇದ್ದಕ್ಕಿದ್ದಂತೆ "ಅಯ್ಯಯ್ಯೋ!" ಎಂದು ಕಿರುಚಿದರು. ಕೆಂಪರಾಜ ಬ್ರೇಕನ್ನು ಒದ್ದ. ಡಬ್ಬಿಗಳೆಲ್ಲ ಮುಂದಕ್ಕೆ ಉರುಳಿದವು. ಬಂಪರಿನಿಂದ ಒಂದು ಗೇಣು ದೂರದಲ್ಲಿ ಕುರಿಗಳು, ಕುರಿಗಳ ನಡುವೆ ಅವನ್ನು ಕಾಯುವ ಚಿಕ್ಕಬೀರಪ್ಪ ಎಂಬ ಮುದುಕ ಟವಲು ಹಿಡಿದು ನಿಂತಿದ್ದ.

"ಅಷ್ಟು ದೂರದಿಂದ ಟವಲ್ ಬೀಸ್ತಾ ಇದೀನಿ, ಕಣ್ಣೇನು ನೆತ್ತಿ ಮ್ಯಾಲಿತ್ತಾ?" ಎಂದು ಮುದುಕ ಕೂಗಾಡಿದ.

"ಪೊದೆಯಿಂದ ನೀನು ಹಾರ್ಕೊಂಡು ಬಂದ್ಬಿಟ್ಟು ನಂಗೆ ಬೈತೀಯಾ?" ಎಂದು ಕೆಂಪರಾಜ ಅವನಿಗಿಂತ ಜೋರಾಗಿ ಕೂಗಿದ. ಹೆಂಗಸರೆಲ್ಲ ಒಕ್ಕೊರಲಿನಿಂದ ಕೆಂಪರಾಜನ ಪಕ್ಷ ವಹಿಸಿದರು. ಪೊದೆ ಎಲ್ಲಿದೆ ಎಂದು ಯಾರೂ ನೋಡಲಿಲ್ಲ. ಅಲ್ಲಿ ಪೊದೆಯೇ ಇರಲಿಲ್ಲ.

ಕರಡಿಸೀಳಿನ ಬಾಯಲ್ಲಿ ಬೈರೇಶ್ ಇವರಿಗಾಗಿ ಕಾಯುತ್ತಿದ್ದ, ಮೂವತ್ತೈದರ ಗಟ್ಟಿ ಆಳು. ಹಿಂದೆ ಶಾಲೆಯ ವ್ಯಾನು ಓಡಿಸುತ್ತಿದ್ದನಂತೆ. ಕುತ್ತಿಗೆಯಲ್ಲಿ ದುರ್ಬೀನು, ಕೈಯಲ್ಲಿ ಕೋಲು. ಮಾತಾಡಬಾರದು, ಮೊಬೈಲ್ ಕಿರುಚಬಾರದು, ಪ್ರಾಣಿಗಳಿಗೆ ತಿನ್ನಲು ಏನೂ ಹಾಕಬಾರದು ಎಂದು ಎಲ್ಲರಿಗೂ ಹೇಳಿದ. ಯಾತ್ರೆಗಳಲ್ಲಿ ಜನ ದರ್ಶನಕ್ಕೆ ಹೋದಾಗ ಕೆಂಪರಾಜ ಗಾಡಿಯಲ್ಲೇ ಕಾಲು ಚಾಚಿ ಮಲಗುವವನು. ಇಲ್ಲಿಯೂ ಹಾಗೆಯೇ ಸೀಟು ಹಿಂದಕ್ಕೆ ತಳ್ಳಿದ. ಬೈರೇಶ್ ಬಿಡಲಿಲ್ಲ. "ಹಲಸಿನ ಹಣ್ಣಿನ ವಾಸ್ನೆಗೆ ಕರಡಿ ಇಲ್ಲೀವರ್ಗೂ ಬರ್ತವೆ ಅಣ್ಣ. ಒಬ್ರೇ ಮಲಗ್ಬೇಡಿ, ಬನ್ನಿ" ಎಂದ. ಕರಡಿ ಇಲ್ಲಿಗೇ ಬರುವುದಾದರೆ ಅದನ್ನು ನೋಡಲು ಅಲ್ಲಿಗೆ ಏಕೆ ಹೋಗಬೇಕು ಎಂದು ಕೆಂಪರಾಜ ಗೊಣಗಿಕೊಂಡು ಹಿಂದೆ ನಡೆದ.

ಕಮರಿಯ ಒಳಗೆ ತಂಪು. ಎರಡೂ ಕಡೆ ಬಂಡೆಗೋಡೆ, ನಡುವೆ ಬತ್ತಿದ ತೊರೆಯ ಮರಳು. ಸ್ವಲ್ಪ ದೂರ ಹೋದಮೇಲೆ ಬೈರೇಶ್ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿ ಪಿಸುಗುಟ್ಟಿದ. "ಮೇಲೆ ಬಿಳಿ ಗೆರೆ ಇದ್ಯಲ್ಲ, ಅದರ ಎಡಕ್ಕೆ ಒಂದು ಪೊಟರೆ. ಅದ್ರಲ್ಲಿ ದೊಡ್ಡ ಗೂಬೆ ಕೂತಿದೆ ನೋಡಿ."

"ಅಬ್ಬಾ, ಏನ್ ಕಣ್ರೀ ಅದು!" ಎಂದರು ಒಬ್ಬರು. "ನಮ್ಮನ್ನೇ ದಿಟ್ಟಿಸ್ತಾ ಇದೆ" ಎಂದರು ಇನ್ನೊಬ್ಬರು.

ಕೆಂಪರಾಜ ನೋಡಿದ. ಗೂಬೆ ಇರಲಿ, ಬಿಳಿ ಗೆರೆಯೂ ಇರಲಿಲ್ಲ. ಗೋಡೆಗೆ ಬೂದಿ ಮೆತ್ತಿದಂತೆ ಬಂಡೆಯಿತ್ತು, ಅಷ್ಟೆ. ಒಂದು ಗಳಿಗೆ ಕಕ್ಕಾಬಿಕ್ಕಿಯಾದ. ಆಮೇಲೆ ಒಳಗೊಳಗೇ ನಕ್ಕ.

ಯಾತ್ರೆಯ ಗಾಡಿ ಓಡಿಸಿದವನಿಗೆ ಗೊತ್ತಿಲ್ಲದ ಗುಟ್ಟೇ ಅದು? ದೇವಸ್ಥಾನದ ನೂಕುನುಗ್ಗಲಿನಲ್ಲಿ ಮುಂದಿನವರ ಬೆನ್ನು, ಪೂಜಾರಿಯ ಮೊಣಕೈ ಬಿಟ್ಟು ಬೇರೇನೂ ಕಾಣದವರೂ ಆಚೆ ಬಂದು "ದರ್ಶನ ಚೆನ್ನಾಗಾಯ್ತು" ಎನ್ನುತ್ತಾರೆ. ಕಾಣಲಿಲ್ಲ ಎಂದವನನ್ನು ಅವನು ಈವರೆಗೆ ನೋಡಿಲ್ಲ. ಶಿವಗಂಗೆಯ ಒಳಕಲ್ಲಿನ ಕಥೆಯೂ ಅದೇ. ಬಂಡೆಯ ತೂತಿನೊಳಗೆ ಕೈ ಇಟ್ಟರೆ ಪುಣ್ಯವಂತರಿಗೆ ಮಾತ್ರ ನೀರು ತಾಗುತ್ತದಂತೆ. ಒಂದು ಕಾರ್ತಿಕದಲ್ಲಿ ಇವನೂ ತೋಳಿನವರೆಗೆ ಕೈ ಇಳಿಸಿದ್ದ. ಒಣಕಲ್ಲು. ಕೈ ತೆಗೆದು "ಸಿಕ್ತು ಕಣಕ್ಕಾ" ಎಂದಿದ್ದ. ಸಿಗಲಿಲ್ಲ ಎಂದರೆ ಮರ್ಯಾದೆ ಏನಾಗಬೇಕು? ತನಗಿಂತ ಮೊದಲು ಕೈ ಇಟ್ಟವರೂ ಹೀಗೇ ಹೇಳಿರುತ್ತಾರೆ ಎಂದು ಅಂದಿನಿಂದ ಅವನ ನಂಬಿಕೆ. ಈ ಬೈರೇಶನೂ ಆ ಪೂಜಾರಿಗಳಂಥವನೇ, ಕಾಸು ಇಸಿದುಕೊಂಡು ಬಂಡೆ ತೋರಿಸುತ್ತಿದ್ದಾನೆ, ಹೆಂಗಸರು ಕಂಡಿತು ಎನ್ನುತ್ತಿದ್ದಾರೆ. ಹಾಗಾದರೆ ತಾನೊಬ್ಬ ಏಕೆ ಹಿಂದೆ ಬೀಳಬೇಕು?

"ಆಹಾ! ರೆಕ್ಕೆ ಹೆಂಗೆ ಬಿಚ್ತು ನೋಡಕ್ಕಾ!" ಎಂದ.

"ಎಲ್ಲಪ್ಪಾ ಬಿಚ್ತು? ಕಲ್ಲಿನ ತರ ಕೂತದೆ" ಎಂದರು ವರಲಕ್ಷ್ಮಮ್ಮ.

"ಬಿಚ್ತು ಬಿಚ್ತು, ನಾನೂ ನೋಡ್ದೆ" ಎಂದರು ತೆಂಗಿನಕಾಯಿ ತಂದಿದ್ದ ಹೆಂಗಸು. ಆ ಪುಣ್ಯಾತ್ಗಿತ್ತಿ ಯಾರೇನೇ ಅಂದರೂ ಹೌದು ಎನ್ನುವವರು. ಕೆಂಪರಾಜನ ಅನುಮಾನ ಪೂರ್ತಿ ಗಟ್ಟಿಯಾಯಿತು. ಬೈರೇಶ್ ಮಾತ್ರ ಅವನನ್ನು ಒಮ್ಮೆ ವಿಚಿತ್ರವಾಗಿ ನೋಡಿ ಮುಂದೆ ನಡೆದ.

ಕಮರಿಯ ಕೊನೆಯಲ್ಲಿ ಒಂದು ಹಾಸುಬಂಡೆ. ಅಲ್ಲಿ ಎಲ್ಲರನ್ನೂ ಕೂರಿಸಿದ. ಒಂದು ಕಡೆ ಎದುರು ಬೆಟ್ಟದ ಗವಿಗಳು, ಇನ್ನೊಂದು ಕಡೆ ಬಯಲು, ಬಯಲಿನಲ್ಲಿ ಅವರು ಬಂದ ರಸ್ತೆ. ಬಿಸಿಲು ಇಳಿಯುತ್ತಿದ್ದಂತೆ ಬೈರೇಶ್ ಉಸಿರು ಬಿಗಿಹಿಡಿದು ಬೆರಳು ತೋರಿಸಿದ. "ಬಂತು. ತಾಯಿ. ಬೆನ್ನ ಮೇಲೆ ಮರಿ."

ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. "ಎರಡು ಮರಿ ಕಣೇ, ಒಂದು ಹಿಂದೆ ಬರ್ತಾ ಇದೆ." "ಹಿಂದಿಂದು ಕುಂಟ್ತಾ ಇದ್ಯಾ?" "ಕುಂಟ್ತಿಲ್ಲ, ಆಟ ಆಡ್ತಿದೆ." "ಕಲ್ಲು ಎತ್ತಿ ಇರುವೆ ಹುಡುಕ್ತಿದೆ ನೋಡಿ ತಾಯಿ."

ಕೆಂಪರಾಜನಿಗೆ ಮತ್ತೆ ಬೂದಿಬಣ್ಣದ ಬೆಟ್ಟ. ಸುಮ್ಮನೆ ನಗುತ್ತಾ ತಲೆಯಾಡಿಸಿದ. ಆದರೆ ಈಗ ಒಂದು ವಿಷಯ ಒಳಗೆ ಚುಚ್ಚತೊಡಗಿತು. ಒಂದು ಪುಳಿಯೋಗರೆಗೆ ಉಪ್ಪು ಹೆಚ್ಚೋ ಕಡಿಮೆಯೋ ಎಂದು ಇವತ್ತಿಗೂ ಒಮ್ಮತಕ್ಕೆ ಬಾರದ ಹೆಂಗಸರು ಇವರು. ಇಲ್ಲದ ಕರಡಿಯ ವಿಷಯದಲ್ಲಿ ಇಷ್ಟು ಒಗ್ಗಟ್ಟು ಎಲ್ಲಿಂದ ಬಂತು? ಯಾರು ಹೇಳಿಕೊಟ್ಟರು? ತನ್ನೊಬ್ಬನನ್ನು ಬೆಪ್ಪು ಮಾಡಲು ಗಾಡಿಯಲ್ಲೇ ಮಾತಾಡಿಕೊಂಡಿದ್ದಾರೋ?

ಅಷ್ಟರಲ್ಲಿ ಎಲ್ಲರ ಬಾಯಿಂದಲೂ ಒಂದೇ ಕ್ಷಣಕ್ಕೆ "ಅಯ್ಯೋ!" ಎಂದು ಉಸಿರು ಹೊರಬಿತ್ತು. ಹೇಳಿಕೊಟ್ಟವರಿಲ್ಲ, ಬೈರೇಶ್ ಬಾಯಿ ತೆಗೆದಿರಲಿಲ್ಲ. ವಾಣಿ ಎದೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ಮರುಕ್ಷಣ ಎಲ್ಲರೂ ಒಟ್ಟಿಗೇ ನಕ್ಕರು. "ಬಿದ್ರೂ ಹತ್ಕೊಂಡ್ಬಿಡ್ತು ಪುಟ್ಟದು!" ಎಂದು ವರಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು.

ಕೆಂಪರಾಜನ ನಗು ಹಾಗೆಯೇ ನಿಂತುಹೋಯಿತು.

"ಗುರು, ಅದನ್ನ ಸ್ವಲ್ಪ ಕೊಡು" ಎಂದು ಬೈರೇಶನ ದುರ್ಬೀನಿಗೆ ಕೈ ಚಾಚಿದ. ಕಣ್ಣಿಗಿಟ್ಟರೆ ಅದರೊಳಗೂ ಮಬ್ಬು. ನಡುವಿನ ಗಾಲಿಯನ್ನು ತಿರುಗಿಸಿ ಎಂದ ಬೈರೇಶ್. ಗಾಲಿ ತಿರುಗಿಸುವುದು ಕೆಂಪರಾಜನಿಗೆ ಹೊಸದಲ್ಲ. ತಿರುಗಿಸಿದ. ಮಬ್ಬು ಕರಗಿ, ಎದುರಿಗೆ ಕಪ್ಪು ಕರಡಿ ಬಂದು ನಿಂತಿತು. ಕೆದರಿದ ಕೂದಲು, ಬಿಳಿ ಮೂತಿ, ಮಣ್ಣು ಕೆರೆಯುವ ಉಗುರು. ಬೆನ್ನಿನ ಕೂದಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ ಮರಿ. ಬಂಡೆಯ ಮೇಲೆ ಬಿಳಿ ಗೆರೆಗಳು, ಬಿರುಕುಗಳು, ಬಿರುಕಿನಲ್ಲಿ ಹುಲ್ಲು.

ದುರ್ಬೀನು ಇಳಿಸಿದ. ಬೂದಿ. ಏರಿಸಿದ. ಕರಡಿ.

ಹಳೆಯ ಕಾಲದ ಬಯಾಸ್ಕೋಪಿನ ಪೆಟ್ಟಿಗೆಯಂತೆ ಇದರೊಳಗೆ ಚಿತ್ರ ಇಟ್ಟಿದ್ದಾರೇನೋ ಎಂದುಕೊಂಡ. ಪಕ್ಕದಲ್ಲಿದ್ದ ವಾಣಿಯ ಕಿವಿಯಲ್ಲಿ ಕೇಳಿದ. "ಅಮ್ಮಾ, ಇದಿಲ್ದೆ ನಿಂಗೆ ಕರಡಿ ಕಾಣ್ತಾ ಇದ್ಯಾ? ದೇವ್ರಾಣೆ ಹೇಳು."

"ಇದೇನಣ್ಣ ಹಿಂಗೆ ಕೇಳ್ತೀರಾ? ಅಲ್ಲೇ ಓಡಾಡ್ತಾ ಇದ್ಯಲ್ಲ!" ಎಂದಳು ವಾಣಿ.

ಕೆಂಪರಾಜ ಎದ್ದು ಬಯಲಿನ ಕಡೆ ತಿರುಗಿ ನಿಂತ. ಬರಿಗಣ್ಣಿಗೆ ರಸ್ತೆ ಖಾಲಿ. ಅವನಿಗೆ ಇಷ್ಟವಾಗುವಂಥ, ಗೇರ್ ಏರಿಸಿ ಆರಾಮವಾಗಿ ಹೋಗಬಹುದಾದಂಥ ಖಾಲಿ ರಸ್ತೆ. ದುರ್ಬೀನು ಹಿಡಿದು ನೋಡಿದ. ಆ ಖಾಲಿ ರಸ್ತೆಯ ನಡುಮಧ್ಯದಲ್ಲಿ ಒಬ್ಬ ಮನುಷ್ಯ ಸೈಕಲ್ಲಿನ ಮೇಲೆ ಹುಲ್ಲಿನ ಹೊರೆ ಇಟ್ಟುಕೊಂಡು ತಳ್ಳುತ್ತಿದ್ದ. ಹಿಂದೆ ಒಬ್ಬಳು ಹುಡುಗಿ, ಮೇಕೆಮರಿ ಎತ್ತಿಕೊಂಡು ನಡೆಯುತ್ತಿದ್ದಳು. ದುರ್ಬೀನು ಇಳಿಸಿದ. ಇಬ್ಬರೂ ಇಲ್ಲ. ಹುಡುಗಿಯೂ ಇಲ್ಲ, ಮೇಕೆಯೂ ಇಲ್ಲ.

ಹಾಗಾದರೆ ಚಿಕ್ಕಬೀರಪ್ಪ ಟವಲು ಬೀಸಿದ್ದು ನಿಜ. ಬಹಳ ದೂರದಿಂದಲೇ ಬೀಸಿದ್ದಾನೆ. ವರಲಕ್ಷ್ಮಮ್ಮ ಕಿರುಚದಿದ್ದರೆ ಮುದುಕ ಈ ಹೊತ್ತಿಗೆ ಇರುತ್ತಿರಲಿಲ್ಲ. ಈ ಎರಡು ವರ್ಷದಲ್ಲಿ ತಾನು ಖಾಲಿ ಎಂದುಕೊಂಡು ಹಾದುಬಂದ ರಸ್ತೆಗಳಲ್ಲಿ ಯಾರು ಯಾರು ಇದ್ದರೋ, ಯಾರು ಯಾರು ಬದಿಗೆ ಹಾರಿ ಉಳಿದುಕೊಂಡರೋ. ಮೊದಲು ಬಂದದ್ದು ಭಯ. ನಾಚಿಕೆ ಆಮೇಲೆ ಬಂತು.

ಹೊತ್ತು ಮುಳುಗುವ ಮೊದಲೇ ಬೈರೇಶ್ ಎಲ್ಲರನ್ನೂ ಗಾಡಿಯ ಹತ್ತಿರ ತಂದು ಬಿಟ್ಟ. ಹೆಂಗಸರು ಖುಷಿಯಾಗಿ ಹತ್ತಿ ಕೂತರು. ಕೆಂಪರಾಜ ಮಾತ್ರ ಬಾಗಿಲಲ್ಲಿ ನಿಂತಿದ್ದ.

"ಅಕ್ಕಾ, ನಾನು ಗಾಡಿ ಓಡ್ಸಲ್ಲ. ನಂಗೆ ಕಣ್ಣು ಕಾಣಲ್ಲ" ಎಂದ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಎರಡನೆಯ ಸಲ ಹೇಳಿದಾಗ ನಗು ನಿಂತು ಗಾಬರಿ ಶುರುವಾಯಿತು. ಆದರೆ ಅವರ ಗಾಬರಿಯ ದಾರಿಯೇ ಬೇರೆ. "ದೃಷ್ಟಿ ಕಣ್ರೇ! ಕೆಂಪರಾಜು ಹಂಗೆ ಓಡಿಸ್ತಾನೆ, ಹಿಂಗೆ ಓಡಿಸ್ತಾನೆ ಅಂತ ಎಲ್ರೂ ಹೊಗಳೀ ಹೊಗಳೀ ಆಗಿರೋದು" ಎಂದು ವರಲಕ್ಷ್ಮಮ್ಮ ಕೆಳಗಿಳಿದರು. ಊಟದ ಬುಟ್ಟಿಯಿಂದ ಉಪ್ಪು, ಒಣಮೆಣಸಿನಕಾಯಿ ತೆಗೆದು ಅವನ ಮುಖದ ಮುಂದೆ ನಿವಾಳಿಸಿದರು. ಕೊನೆಗೂ ಒಂದು ಕೆಲಸ ಸಿಕ್ಕಿತೆಂದು ತೆಂಗಿನಕಾಯಿಯನ್ನೂ ಗಾಲಿಯ ಮುಂದೆ ಒಡೆದರು. ಕೆಂಪರಾಜ ಬೇಡ ಬೇಡ ಎಂದರೆ ಕೇಳುವವರು ಯಾರು?

"ಈಗ ನೋಡು. ಏ ವಾಣಿ, ಆ ಹುಣಸೇಮರದ ಹತ್ರ ಹೋಗಿ ಬೆರಳು ತೋರ್ಸು."

ವಾಣಿ ಹೋಗಿ ಕೈ ಎತ್ತಿದಳು. ಕೆಂಪರಾಜನಿಗೆ ಕಂಡದ್ದು ಸೀರೆಯ ಕೆಂಪು ಬಣ್ಣ ಮಾತ್ರ. ಬಾಯಿಗೆ ಬಂದದ್ದು ಹೇಳಿದ. "ಮೂರು."

ಮೂರೇ ಆಗಿತ್ತು. ಹೆಂಗಸರು ಚಪ್ಪಾಳೆ ತಟ್ಟಿದರು. "ನೋಡ್ದಾ? ಇಳೀತು! ಹತ್ತು, ಗಾಡಿ ತೆಗಿ."

ಕೆಂಪರಾಜ ತಲೆ ಚಚ್ಚಿಕೊಂಡ. ಇಷ್ಟು ದಿನ ಬಾರದ ಅದೃಷ್ಟ ಇವತ್ತೇ ಬರಬೇಕಿತ್ತೇ? ಅವರ ನಂಬಿಕೆ ನೋಡಿ ಅವನಿಗೂ ಒಂದು ಕ್ಷಣ ಆಸೆಯಾಯಿತು. ಹತ್ತಿ ಕೂತರೆ ಯಾರೂ ಕೇಳುವುದಿಲ್ಲ. ನಾಳೆಯೂ ಕೆಂಪರಾಜನೇ, ನಾಡಿದ್ದೂ ಕೆಂಪರಾಜನೇ. ಕೈ ತಾನಾಗಿ ಜೇಬಿನ ಬೀಗದಕೈಗೆ ಹೋಯಿತು. ಅದನ್ನು ಮುಟ್ಟಿದಾಗ ಮೇಕೆಮರಿ ಎತ್ತಿಕೊಂಡ ಹುಡುಗಿ ನೆನಪಾದಳು.

"ಅದು ಊಹೆ ಕಣಕ್ಕಾ. ಇನ್ನೊಂದ್ಸಲ ತೋರಿಸ್ಲಿ" ಎಂದು ಮರದ ಕಡೆ ಕಣ್ಣು ಕಿರಿದು ಮಾಡಿ ನೋಡಿದ. ಕೆಂಪಗೆ ನಿಂತ ಆಕಾರವನ್ನು ದಿಟ್ಟಿಸಿದ. "ತೋರ್ಸಮ್ಮ ವಾಣಿ... ಹಾಂ, ಎರಡು."

ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಅಣ್ಣ," ಎಂದು ಅವನ ಹೆಗಲ ಹಿಂದಿನಿಂದ ವಾಣಿಯ ದನಿ ಬಂತು. "ನಾನು ಇಲ್ಲೇ ಇದೀನಿ. ಆಗ್ಲೇ ಬಂದ್ಬಿಟ್ಟೆ. ಅದು ಹುತ್ತ."

ವರಲಕ್ಷ್ಮಮ್ಮನ ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗೆ ಬಿತ್ತು. ಅವರು ಹುತ್ತವನ್ನು ನೋಡಿದರು, ಕೆಂಪರಾಜನನ್ನು ನೋಡಿದರು, ಗಾಡಿಯಲ್ಲಿ ಕೂತಿದ್ದ ತಮ್ಮವರನ್ನೆಲ್ಲ ನೋಡಿದರು. ಕೆಂಪರಾಜ ಬೀಗದಕೈ ತೆಗೆದು ಬೈರೇಶನ ಅಂಗೈಯಲ್ಲಿಟ್ಟ. "ನೀನು ಓಡ್ಸು ಗುರು. ಕ್ಲಚ್ಚು ಸ್ವಲ್ಪ ಗಟ್ಟಿ" ಎಂದ.

ತನ್ನ ಗಾಡಿಯ ಒಳಸೀಟಿನಲ್ಲಿ ಕೆಂಪರಾಜ ಕೂತದ್ದು ಅದೇ ಮೊದಲು. ಎಲ್ಲಿ ಕೈ ಇಡಬೇಕೆಂದೇ ತಿಳಿಯಲಿಲ್ಲ. ಅವನ ಬಲಗಾಲು ಬರಿ ತಗಡನ್ನು ಒತ್ತುತ್ತಲೇ ಇತ್ತು. ಪ್ರತಿ ಸಲವೂ ಬೈರೇಶ್ ಬ್ರೇಕ್ ಹಾಕಿ ಆದಮೇಲೆ ಇವನ ಕಾಲು ಒತ್ತುತ್ತಿತ್ತು. ಕೊನೆಗೆ ಎರಡೂ ಕಾಲು ಎತ್ತಿ ಸೀಟಿನ ಮೇಲೆ ಮಡಚಿಕೊಂಡು ಕೂತ. ಪಕ್ಕಕ್ಕೆ ವರಲಕ್ಷ್ಮಮ್ಮ ಬಂದು ಕೂತರು.

"ಅಕ್ಕಾ, ಎರಡು ವರ್ಷದಿಂದ ನಿಮ್ಮನ್ನೆಲ್ಲ ಹೆಂಗೆ ಕರ್ಕೊಂಡು ಹೋಗಿ ಹೆಂಗೆ ವಾಪಸ್ ತಂದ್ನೋ ನಂಗೇ ಗೊತ್ತಾಗ್ತಿಲ್ಲ" ಎಂದ.

"ದೇವ್ರು ಕಣಪ್ಪಾ. ಇನ್ನೇನು" ಎಂದರು ಅವರು. ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

"ಅವನಿಗೂ ಸಾಕಾಗಿರ್ತದೆ ಬಿಡಕ್ಕಾ."

ಮುಂದೆ ಒಂದು ಹಳ್ಳಿಯ ಹತ್ತಿರ ಬೈರೇಶ್ ಗಾಡಿಯನ್ನು ನಿಧಾನ ಮಾಡಿ ಪೂರ್ತಿ ನಿಲ್ಲಿಸಿದ. ಕೆಂಪರಾಜ ತಲೆಯೆತ್ತಿದ. ಅವನಿಗೆ ರಸ್ತೆ ಖಾಲಿಯಾಗಿಯೇ ಇತ್ತು. "ಯಾಕೆ ನಿಲ್ಲಿಸ್ದೆ?" ಎಂದು ಕೇಳಿದ.

"ಡೈರಿಗೆ ಹಾಲು ತಗೊಂಡು ಹೋಗ್ತಾ ಇದಾರೆ ಅಣ್ಣ. ಹೆಂಗಸ್ರು, ಮಕ್ಳು. ರಸ್ತೆ ತುಂಬ ಇದಾರೆ" ಎಂದಳು ಹಿಂದಿನಿಂದ ವಾಣಿ.

ಕೆಂಪರಾಜ ಕಿಟಕಿಗೆ ಮುಖ ಒತ್ತಿ ಕೂತ. ಮೊದಲು ಬಣ್ಣದ ಕಲೆಗಳು ಬಂದವು. ಹತ್ತಿರವಾದಂತೆ ಕಲೆಗಳಿಗೆ ಕೈಕಾಲು ಬಂದವು, ಕ್ಯಾನುಗಳು ಬಂದವು, ಆಮೇಲೆ ಒಂದೊಂದೇ ಮುಖವಾಯಿತು. ಒಬ್ಬಳು ಸಣ್ಣ ಹುಡುಗಿ ಅವನ ಕಿಟಕಿಯ ಕೆಳಗೇ ನಿಂತು, ಮುಂದಿನ ಹಲ್ಲು ಬಿದ್ದ ಬಾಯಿ ಬಿಟ್ಟು ನಕ್ಕು, ಟಾಟಾ ಮಾಡಿದಳು. ಅವನೂ ಕೈ ಎತ್ತಲು ಹೋದ. ಆಗಲಿಲ್ಲ. ಎತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡು, ಅಷ್ಟು ಜನ ಹೆಂಗಸರ ನಡುವೆ ಬಿಕ್ಕಿ ಬಿಕ್ಕಿ ಅತ್ತ.